ಡ್ಯಾಮಿಗೆ ಎಷ್ಟು ಬಂತು?

ಜೂನ್ ಬಂದರೆ ಬಾಗಲವಾಡ, ಕವಿತಾಳ, ಸಿರವಾರದ ಕಡೆ ಚಹಾದಂಗಡಿ ಮುಂದೆ ಕೇಳುವುದು ಎರಡೇ ಪ್ರಶ್ನೆ. ಮಳೆ ಯಾವಾಗ? ಡ್ಯಾಮಿಗೆ ಎಷ್ಟು ಬಂತು? ಆ ಡ್ಯಾಮ್ ಇರುವುದು ದೂರದ ಹೊಸಪೇಟೆಯಲ್ಲಿ. ಅಲ್ಲಿಂದ ಹೊರಟ ತುಂಗಭದ್ರಾ ಎಡದಂಡೆ ನಾಲೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಸೀಮೆಗೆ ಬರುವಷ್ಟರಲ್ಲಿ ನೀರಿಗೂ ದಣಿವಾಗಿರುತ್ತದೆ. ನಾಳೆ ಏನೋ ಎಂಬ ಚಿಂತೆ ಈ ನೆಲಕ್ಕೆ ಹೊಸದಲ್ಲ. ಆದರೆ ಅದನ್ನು ಎದುರಿಸುವ ಬಗ್ಗೆ ಕೆಲವು ಮಾತುಗಳು ರೂಢಿಯಾಗಿಬಿಟ್ಟಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: "ನೀರು ಬಂದೇ ಬರ್ತದ ಅಂತ ನಂಬಿ ಕೂಡಬೇಕು, ಅದೇ ಧೈರ್ಯ."

ವಾಸ್ತವ: 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ವಾರ ನಾಲೆ ಉದ್ದಕ್ಕೂ "ಈ ವರ್ಷ ಮುಗೀತು" ಎಂಬ ಮಾತೇ. ಗೇಟ್ ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆಗಸ್ಟ್ 17ರ ಹೊತ್ತಿಗೆ ತಾತ್ಕಾಲಿಕ ಗೇಟ್ ಕೂತಿತು, ಮುಂದೆ ಮಳೆಯೂ ಬಂತು, ಡ್ಯಾಮ್ ಮತ್ತೆ ತುಂಬಿತು. ಎದೆಗುಂದಿದವರ ಲೆಕ್ಕ ತಪ್ಪಿತು. ಮರುವರ್ಷ ಇದರ ಉಲ್ಟಾ ಆಯಿತು. ಮಳೆಗೇನೂ ಕೊರತೆಯಿರಲಿಲ್ಲ, ಆದರೆ ಹಳೆಯ ಗೇಟುಗಳ ಮೇಲೆ ಭಾರ ಬೀಳಬಾರದೆಂದು ಸಂಗ್ರಹವನ್ನು 80 ಟಿಎಂಸಿಗೆ ತಡೆದರು. 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಆ ಸಲ ನಂಬಿ ಕೂತವರ ಲೆಕ್ಕ ತಪ್ಪಿತು. ಇನ್ನು ಹೂಳಿನ ಸಂಗತಿ ಬೇರೆಯೇ ಇದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಯಾವ ಹರಕೆಗೂ ಆ ಅಂಕಿ ಮೇಲೇರುವುದಿಲ್ಲ. ಭರವಸೆ ಇಟ್ಟುಕೊಳ್ಳುವವನು ಈ ಅಂಕಿಯನ್ನೂ ಜೊತೆಗೆ ಇಟ್ಟುಕೊಂಡೇ ಬಿತ್ತಬೇಕು.

ತಪ್ಪು ಕಲ್ಪನೆ: "ಭತ್ತ ಬಿಟ್ಟು ಜೋಳಕ್ಕೆ ಹೋದರೆ ಹಿಂದಕ್ಕೆ ಹೋದಂಗ."

ವಾಸ್ತವ: ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದೇ. 1953ರಲ್ಲಿ ನೀರು ಹರಿದಾಗ ಎಡದಂಡೆ ನಾಲೆಯ ಯೋಜನೆ ಭತ್ತದ ಮೇಲೆ ನಿಂತಿರಲಿಲ್ಲ. ಪದೇ ಪದೇ ಬರ ಬೀಳುವ ಸೀಮೆ ಇದು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಒಂದೆರಡು ತೇವ ಕೊಟ್ಟು ಆದಷ್ಟು ಹೆಚ್ಚು ಹೊಲ ಉಳಿಸಬೇಕು, ಭತ್ತಕ್ಕೆ ಸ್ವಲ್ಪ ಭಾಗ ಮಾತ್ರ ಎಂಬುದು ಅಂದಿನ ಎಣಿಕೆ. ಆಮೇಲೆ ಕರಾವಳಿ ಆಂಧ್ರದಿಂದ ಭತ್ತದ ಕಸುಬು ಬಲ್ಲವರು ಬಂದು ಜಮೀನು ಕೊಂಡರು, ಅವರ ವಸತಿಯ ಕ್ಯಾಂಪುಗಳು ಎದ್ದವು. ಅವರನ್ನು ನೋಡಿ ನಮ್ಮವರೂ ಗದ್ದೆ ಕಟ್ಟಿದರು. ದುಡ್ಡೂ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೇಲಿನವರ ಗದ್ದೆ ತುಂಬಿದಷ್ಟೂ ಕೊನೆಭಾಗದವರ ಉಪಕಾಲುವೆ ಒಣಗಿತು. ನಾಲೆಯಲ್ಲಿ ನೀರಿನ ಮಟ್ಟ (ಗೇಜ್) ಕಾಯ್ದುಕೊಳ್ಳಿ ಎಂದು ಪ್ರತಿ ಹಂಗಾಮಿನಲ್ಲೂ ರಸ್ತೆ ತಡೆ ನಡೆಯುತ್ತಲೇ ಇದೆ.

ಹೀಗಾಗಿ ಎರೆಹೊಲಕ್ಕೆ ಜೋಳ ವಾಪಸ್ ಬರುವುದೆಂದರೆ ನಾಲೆಯ ಮೂಲ ಲೆಕ್ಕಕ್ಕೆ ಮರಳಿದಂತೆ. ಎರೆಮಣ್ಣು ಮಳೆಯ ತೇವವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಮಾಲದಂಡಿ ಜೋಳ ಅದನ್ನೇ ಕುಡಿದು ತೆನೆ ಕಟ್ಟುತ್ತದೆ. ಕಾಳು ಮನೆಗೆ, ಸೊಪ್ಪಿ ದನಕ್ಕೆ. 2025-26ರಲ್ಲಿ ಮಾಲದಂಡಿಗೆ ಕ್ವಿಂಟಲಿಗೆ 3,749 ರೂಪಾಯಿ ಬೆಂಬಲ ಬೆಲೆ, ಸಾಮಾನ್ಯ ಭತ್ತಕ್ಕೆ 2,369. ಎಕರೆಗೆ ಬರುವ ಚೀಲ ಭತ್ತದ್ದೇ ಜಾಸ್ತಿ ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನೀರು ಕೈಕೊಟ್ಟ ವರ್ಷ ಭತ್ತದ ಚೀಲ ಎಣಿಸುವ ಕೆಲಸವೇ ಇರುವುದಿಲ್ಲ.

ತಪ್ಪು ಕಲ್ಪನೆ: "ಬದಲಾಗೋದಾದರೆ ಪೂರ್ತಿ ಬದಲಾಗಬೇಕು."

ವಾಸ್ತವ: ಯಾಕೆ? ಕೂರಿಗೆ ಭತ್ತವನ್ನೇ ನೋಡಿ. ಸಸಿ ಮಡಿ ಬೇಡ, ಕೆಸರು ಕಲಸುವುದು ಬೇಡ, ನಾಟಿಗೆ ಆಳು ಹುಡುಕುವುದೂ ಬೇಡ. ನಾಲೆಗೆ ನೀರು ಬಿಡುವ ತನಕ ಕಾಯದೆ ಮುಂಗಾರಿನ ಹದಕ್ಕೇ ಬಿತ್ತಬಹುದು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದನ್ನು ವರ್ಷಗಳಿಂದ ಹೇಳುತ್ತಾ ಬಂದಿದೆ. ಕಳೆಯ ಕಾಟ ಮಾತ್ರ ಜೋರು, ಅದಕ್ಕೆ ಹೆದರಿ ಬಿಟ್ಟವರಿದ್ದಾರೆ. ಹತ್ತು ಎಕರೆಯಲ್ಲಿ ಎರಡನ್ನು ಮೊದಲು ಹೀಗೆ ಬಿತ್ತಿ ನೋಡಿದವರೇ ಕಳೆ ನಿಭಾಯಿಸುವುದನ್ನು ಕಲಿತದ್ದು. ಸಾಲಿನ ನಡುವೆ ಅಕ್ಕಡಿ ಹಾಕುತ್ತಿದ್ದ ಹಿರಿಯರೂ ಒಂದೇ ಬೆಳೆಗೆ ಎಲ್ಲವನ್ನೂ ಒಪ್ಪಿಸುತ್ತಿರಲಿಲ್ಲ. ಒಂದು ಹೋದರೆ ಇನ್ನೊಂದು ಇರಲಿ ಎಂದು.

ತಪ್ಪು ಕಲ್ಪನೆ: "ಗುಳೆ ಹೋದವರು ಊರು ಬಿಟ್ಟವರು."

ವಾಸ್ತವ: ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಎಷ್ಟೋ ಮಂದಿ ಮುಂಗಾರಿಗೆ ಬೀಜ, ಗೊಬ್ಬರದ ದುಡ್ಡು ತಂದು ಹೊಲ ಹಿಡಿಯುತ್ತಾರೆ. ಆದರೆ ಇದನ್ನು ಸಾಹಸವೆಂದು ಹಾಡಿಹೊಗಳುವುದಕ್ಕೂ ನನಗೆ ಮನಸ್ಸಿಲ್ಲ. ಜೊತೆಗೆ ಹೋದ ಮಕ್ಕಳ ಶಾಲೆ ತಪ್ಪುತ್ತದೆ.

ತಪ್ಪು ಕಲ್ಪನೆ: "ಬದಲಾಗದವರು ಹಟಮಾರಿಗಳು."

ವಾಸ್ತವ: ಲೀಜಿಗೆ ಹೊಲ ಮಾಡುವವನನ್ನು ಕೇಳಿ ನೋಡಿ. ಎಕರೆಗೆ ಇಷ್ಟು ಚೀಲ ಭತ್ತ ಎಂದು ಮೊದಲೇ ಮಾತಾಗಿರುತ್ತದೆ. ಲಾಗವಾಡಿಗೆ ಅಡತಿ ಅಂಗಡಿಯಲ್ಲಿ ತಂದ ಸಾಲವೂ ಭತ್ತದ ಲೆಕ್ಕದಲ್ಲೇ ತೀರಬೇಕು. ಜೋಳ ಬಿತ್ತಿದರೆ ಹೊಲದ ಮಾಲೀಕನಿಗೂ ಅಡತಿಯವನಿಗೂ ಅವನು ಏನು ಅಳೆದು ಕೊಡಬೇಕು? ಖರೀದಿ ಕೇಂದ್ರ ತಡವಾಗಿ ತೆರೆದರೆ ಬೆಂಬಲ ಬೆಲೆಯೂ ಅವನ ಪಾಲಿಗೆ ಕಾಗದದ ಮೇಲೆಯೇ ಉಳಿಯುತ್ತದೆ. ಅವನಿಗೆ ಧೈರ್ಯದ ಕೊರತೆಯಿಲ್ಲ, ಕರಾರು ಕೈ ಕಟ್ಟಿದೆ ಅಷ್ಟೆ. ಬೆಳೆ ಬದಲಿಸಿ ಎಂದು ಹೇಳುವ ತರಬೇತಿಗೆ ಲೀಜಿನವನೊಬ್ಬನನ್ನೇ ಕರೆದರೆ ಸಾಲದು. ಹೊಲದ ಮಾಲೀಕನಿಗೂ ಅಡತಿ ಸಾಹುಕಾರನಿಗೂ ಪಕ್ಕದಲ್ಲೇ ಕುರ್ಚಿ ಹಾಕಿಸಬೇಕು.