ಲಾರಿ ಮಾರಿದರೂ ಇಳಿಯದ ಹೊಣೆ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಆಂಧ್ರಪ್ರದೇಶದ ಗಡಿಗೆ ಸಮೀಪದ ಗ್ರಾಮ. ಇಂಥ ಊರುಗಳಲ್ಲಿ ಹಳೆಯ ಲಾರಿ ಕೊಳ್ಳುವವರು ಪಕ್ಕದ ಜಿಲ್ಲೆಯವರಾಗಿರಬಹುದು, ಪಕ್ಕದ ರಾಜ್ಯದವರೂ ಆಗಿರಬಹುದು. ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ವ್ಯವಹಾರ ಮುಗಿಯಿತೆಂಬುದು ಮಾರುವವರ ನಂಬಿಕೆ. ಕಾನೂನಿನ ಲೆಕ್ಕವೇ ಬೇರೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಆರ್.ಸಿ. ಪುಸ್ತಕದಲ್ಲಿ ಹೆಸರಿರುವವರೇ ಮಾಲೀಕರು. ಹಲವರ ಕೈ ದಾಟಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ, ಅದನ್ನು ಮೊದಲೇ ಮಾರಿದ್ದ ನೋಂದಾಯಿತ ಮಾಲೀಕರನ್ನೇ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಪರಿಹಾರಕ್ಕೆ ಹೊಣೆ ಮಾಡಿತು. ಲಾರಿಗೂ ಇದೇ ನಿಯಮ.

ಆದ್ದರಿಂದ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ನಮೂನೆ 30ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ಲಾರಿ ಗಡಿ ದಾಟಿ ಹೋಗುವುದಾದರೆ ನಿರಾಕ್ಷೇಪಣಾ ಪತ್ರ ಅಗತ್ಯ. ಸಾಲ ಉಳಿದಿದ್ದರೆ ಹಣಕಾಸು ಸಂಸ್ಥೆಯ ಒಪ್ಪಿಗೆಯೂ ಬೇಕು.

ಕೊಳ್ಳುವವರಿಗೂ ಒಂದು ಎಚ್ಚರಿಕೆಯಿದೆ. ಸರಕು ವಾಹನದ ನೋಂದಣಿ ವಿವರಗಳಲ್ಲಿ ಟೈರುಗಳ ಸಂಖ್ಯೆ, ಅಳತೆಗಳೂ ಸೇರಿವೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಆದಕಾರಣ ಅಗಲವಾದ ಚಕ್ರಗಳ ಅಂದಕ್ಕೆ ಮಾರುಹೋಗುವ ಮೊದಲು ಅವುಗಳ ಅಳತೆಯನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡುವುದು ಒಳಿತು.

ಮುಂಗಡ ಪಡೆದ ದಿನವಲ್ಲ, ದಾಖಲೆಯಲ್ಲಿ ಹೆಸರು ಬದಲಾದ ದಿನವೇ ಮಾರಿದವರು ನಿಶ್ಚಿಂತರು.