ಉಪ್ಪು ಮತ್ತು ರಕ್ತದ ಒತ್ತಡ

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆಯನ್ನು ನಾವು ತಪ್ಪು ಮಾಡಿದವರ ವಿಷಯದಲ್ಲಿ ಬಳಸುತ್ತೇವೆ. ಆದರೆ ನಮ್ಮ ದೇಹದ ಮಟ್ಟಿಗೆ ಈ ಮಾತು ಅಕ್ಷರಶಃ ಸತ್ಯವಾದುದು. ಉಪ್ಪಿನಲ್ಲಿರುವ ಸೋಡಿಯಂ ರಕ್ತವನ್ನು ಸೇರಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದ ಸೋಡಿಯಮ್ಮನ್ನು ಹೊರಹಾಕುವ ಕಾರ್ಯ ಮೂತ್ರಪಿಂಡಗಳದು. ದಿನವೂ ಮಿತಿಮೀರಿ ಉಪ್ಪು ತಿನ್ನುವವರಲ್ಲಿ ಈ ಕಾರ್ಯ ಪೂರ್ಣವಾಗದೆ ರಕ್ತನಾಳಗಳಲ್ಲಿ ದ್ರವವು ಹೆಚ್ಚಿ, ನಾಳಗಳ ಗೋಡೆಯ ಮೇಲಿನ ಒತ್ತಡವೂ ಏರುತ್ತದೆ. ವರ್ಷಗಟ್ಟಲೆ ಈ ಒತ್ತಡವನ್ನು ತಾಳಿದ ನಾಳಗಳು ಗಡುಸಾಗುತ್ತವೆ. ಪಾರ್ಶ್ವವಾಯು, ಹೃದಯಾಘಾತ ಮತ್ತು ಮೂತ್ರಪಿಂಡಗಳ ವೈಫಲ್ಯಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಸದ್ದಿಲ್ಲದೆ ಬರುವ ರೋಗ

ಅಧಿಕ ರಕ್ತದ ಒತ್ತಡವಿರುವ ಬಹುಪಾಲು ಜನರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ನಮ್ಮ ಹೊರರೋಗಿ ವಿಭಾಗಕ್ಕೆ ಜ್ವರವೆಂದು ಬಂದ ಮಧ್ಯವಯಸ್ಸಿನ ರೈತರೊಬ್ಬರ ಒತ್ತಡ 170/100 ಇದ್ದಿತು. ಜ್ವರ ಇಳಿದ ಮೇಲೂ ಅದು ಇಳಿಯಲಿಲ್ಲ. ಮಾತ್ರೆ ಕೊಟ್ಟು, ತಿಂಗಳ ನಂತರ ಬರಲು ತಿಳಿಸಿದೆನು. ಅವರು ಬರಲಿಲ್ಲ. ಕೆಲವು ತಿಂಗಳ ಬಳಿಕ ಅವರನ್ನು ಹೊತ್ತು ತಂದಾಗ ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿದ್ದಿತು. "ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಯಾಕೆ ಅಂತ ಬಿಟ್ಟುಬಿಟ್ರು ಸಾರ್" ಎಂದು ಅವರ ಪತ್ನಿ ಹೇಳಿದರು.

ಆದುದರಿಂದ 30 ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ರಕ್ತದ ಒತ್ತಡವನ್ನು ಅಳೆಸಿಕೊಳ್ಳತಕ್ಕದ್ದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಅದು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ಒತ್ತಡವೆಂದು ತಿಳಿಯಬೇಕು. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತು ವಿಶ್ರಮಿಸುವುದು ಅವಶ್ಯಕ.

ಎಷ್ಟು ಉಪ್ಪು ಸಾಕು?

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ. ಇದು ಸುಮಾರು ಒಂದು ಚಹಾ ಚಮಚದಷ್ಟು. 2017–18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ.

ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಬಹುದು. ಒಂದು ಕಿಲೋಗ್ರಾಂ ಉಪ್ಪಿನ ಪೊಟ್ಟಣವನ್ನು ಒಡೆದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ಮನೆಯಲ್ಲಿ ನಾಲ್ವರು ವಯಸ್ಕರಿದ್ದರೆ ಆ ಪೊಟ್ಟಣವು ಕನಿಷ್ಠ 50 ದಿನ ಬರಬೇಕು. 30 ದಿನಗಳಲ್ಲಿಯೇ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂಗೂ ಹೆಚ್ಚು ಬಿದ್ದಂತಾಯಿತು. ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಖಾರದ ತಿಂಡಿ, ಬ್ರೆಡ್ಡು, ಬಿಸ್ಕತ್ತುಗಳಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲವೆಂಬುದನ್ನು ಮರೆಯಬಾರದು.

ರೂಢಿಯನ್ನು ಬದಲಿಸುವ ಬಗೆ

1. ಉಪ್ಪನ್ನು ಒಮ್ಮೆಲೇ ಬಿಡಬೇಕಾಗಿಲ್ಲ. ಸಾರು, ಹುಳಿ, ಪಲ್ಯಗಳಿಗೆ ಹಾಕುವುದನ್ನು ವಾರ ವಾರವೂ ಸ್ವಲ್ಪ ಸ್ವಲ್ಪವೇ ತಗ್ಗಿಸಿ. ಕೆಲವು ವಾರಗಳಲ್ಲಿ ನಾಲಗೆ ಹೊಸ ರುಚಿಗೆ ಒಗ್ಗಿಕೊಳ್ಳುತ್ತದೆ.

2. ಅನ್ನ, ಮುದ್ದೆ, ರೊಟ್ಟಿಗಳಿಗೆ ಉಪ್ಪು ಬೇಡ. ಎಲೆಯ ತುದಿಗೆ ಉಪ್ಪು ಬಡಿಸುವುದನ್ನೂ, ಮಜ್ಜಿಗೆಗೆ ಮೇಲಿನಿಂದ ಉಪ್ಪು ಹಾಕಿಕೊಳ್ಳುವುದನ್ನೂ ನಿಲ್ಲಿಸಿ.

3. ನಿಂಬೆಹಣ್ಣು, ಹುಣಸೆ, ಜೀರಿಗೆ, ಮೆಣಸು, ಶುಂಠಿ, ಕೊತ್ತಂಬರಿ ಸೊಪ್ಪುಗಳು ಉಪ್ಪಿನ ಕೊರತೆ ತಿಳಿಯದಂತೆ ರುಚಿ ಕೊಡುತ್ತವೆ.

4. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಹಬ್ಬದೂಟಕ್ಕಿರಲಿ; ನಿತ್ಯದ ಊಟಕ್ಕೆ ಬೇಡ.

5. ಬಳಸುವ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ಸೈಂಧವ ಲವಣವು ನಿರಪಾಯವೆಂಬುದು ತಪ್ಪು ಕಲ್ಪನೆ. ಅದರಲ್ಲಿಯೂ ಸೋಡಿಯಂ ಇದೆ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪನ್ನು ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಬಳಸಕೂಡದು.

ಇದರೊಂದಿಗೆ ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ತೂಕವನ್ನು ಹತೋಟಿಯಲ್ಲಿಡುವುದು, ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಗೂ ಮದ್ಯಗಳಿಂದ ದೂರವಿರುವುದು ಅಷ್ಟೇ ಅಗತ್ಯ.

ಮಾತ್ರೆ ಸೇವಿಸುವವರಿಗೆ

ಉಪ್ಪು ಕಡಿಮೆ ಮಾಡಿದೆವೆಂದು ಮಾತ್ರೆಯನ್ನು ನಿಲ್ಲಿಸಬಾರದು. ಮಾತ್ರೆ ನುಂಗುತ್ತಿದ್ದೇವೆಂದು ಉಪ್ಪನ್ನು ಹೆಚ್ಚಿಸಲೂಬಾರದು. ಒತ್ತಡ ಇಳಿದಿರುವುದು ಮಾತ್ರೆಯ ಗುಣದಿಂದ. ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ಪ್ರಮಾಣವನ್ನು ಬದಲಿಸುವ ನಿರ್ಧಾರ ವೈದ್ಯರಿಗಿರಲಿ. ಮುಖ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ ಅಥವಾ ಮಾತು ತೊದಲಿದರೆ, ತೈಲ ತಿಕ್ಕುತ್ತ ಕಾಲ ಕಳೆಯದೆ ರೋಗಿಯನ್ನು ಒಡನೆಯೇ 108 ವಾಹನದಲ್ಲಿ ಆಸ್ಪತ್ರೆಗೆ ಸೇರಿಸಿ. ಇಲ್ಲಿ ಒಂದೊಂದು ನಿಮಿಷವೂ ಅಮೂಲ್ಯ.

ಮಕ್ಕಳು ಹಿರಿಯರ ತಟ್ಟೆಯನ್ನು ನೋಡಿ ರುಚಿ ಕಲಿಯುತ್ತಾರೆ. ಇಂದು ನಿಮ್ಮ ಅಡುಗೆಯಲ್ಲಿ ತಗ್ಗಿದ ಒಂದು ಚಿಟಿಕೆ ಉಪ್ಪು ನಾಳೆ ಅವರ ಹೃದಯಕ್ಕೂ ರಕ್ಷೆಯಾಗುತ್ತದೆ. ಮುಂದಿನ ಪೊಟ್ಟಣ ಒಡೆಯುವಾಗ ತಾರೀಖು ಬರೆಯಲು ಮರೆಯದಿರಿ.