ಅತಿಶೀತದಲ್ಲಿ ಉಕ್ಕಿನ ಕವಚ

ಕಾಯಿಸಿದರೆ ಉಕ್ಕು ಮೆತ್ತಗಾಗುವುದನ್ನು ಕಮ್ಮಾರನ ಕುಲುಮೆಯಲ್ಲಿ ನೀವು ನೋಡಿರಬಹುದು. ಚಳಿ ತಾಗಿದರೆ ಏನಾಗುತ್ತದೆ? 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಲಂಗರು ಹಾಕಿದ್ದ 'ಸ್ಕೆನೆಕ್ಟಡಿ' ಎಂಬ ಹೊಸ ಹಡಗು ನಿಂತಲ್ಲೇ ಎರಡಾಗಿ ಬಿರಿಯಿತು. ಬೆಸುಗೆಯ ದೋಷದ ಜೊತೆಗೆ, ಚಳಿಯಲ್ಲಿ ಆ ಉಕ್ಕು ಪೆಡಸಾದದ್ದೂ ಇದಕ್ಕೆ ಕಾರಣ.

ಹಾಗಾದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ ದುಡಿಯಬೇಕಾದ ಉಕ್ಕಿನ ಗತಿಯೇನು? ದಕ್ಷಿಣ ಫ್ರಾನ್ಸಿನ ಕಡರಾಶ್‌ನಲ್ಲಿ ಭಾರತವೂ ಸೇರಿ ಏಳು ಪಾಲುದಾರರು ಕಟ್ಟುತ್ತಿರುವ 'ಈಟರ್' ಎಂಬ ಬೈಜಿಕ ಸಮ್ಮಿಲನ ಯಂತ್ರದ ಮುಂದೆ ಇದ್ದ ಪ್ರಶ್ನೆ ಇದೇ. ಅದರ 'ಡಿ' ಆಕಾರದ ದೊಡ್ಡ ಕಾಂತಗಳ ಕೇಬಲ್ಲಿನಲ್ಲಿ ನೈಯೋಬಿಯಂ-ತವರದ 900 ಎಳೆಗಳೂ ತಾಮ್ರದ 522 ಎಳೆಗಳೂ ಹಗ್ಗದಂತೆ ಹೊಸೆದುಕೊಂಡಿವೆ. ಬಿಡಿ ಕೊಳವೆಗಳನ್ನು ಬೆಸೆದು ಮಾಡಿದ, 760 ಮೀಟರ್‌ವರೆಗೂ ಉದ್ದವಿರುವ ಉಕ್ಕಿನ ಕವಚದೊಳಗೆ ಈ ಹಗ್ಗವನ್ನು ಎಳೆದು, ಹೊರಗಿನಿಂದ ಉರುಳೆಗಳಿಂದ ಅದುಮುತ್ತಾರೆ. ಎಳೆಗಳ ಸಂದಿನಲ್ಲಿ ಶೀತಲ ಹೀಲಿಯಂ ಹರಿಯುತ್ತದೆ. ಕವಚದ ದಪ್ಪ ಸುಮಾರು 2 ಮಿಲಿಮೀಟರ್, ಅಷ್ಟೇ!

ಕೇಬಲ್ಲಿನ ಪ್ರವಾಹ 68,000 ಆಂಪಿಯರ್, ಕಾಂತಕ್ಷೇತ್ರ 11.8 ಟೆಸ್ಲಾ. ಪಿಯುಸಿ ವಿದ್ಯಾರ್ಥಿಗಳು ಎರಡನ್ನೂ ಗುಣಿಸಿ ನೋಡಲಿ: ಪ್ರತಿ ಮೀಟರಿಗೆ ಸುಮಾರು 8 ಲಕ್ಷ ನ್ಯೂಟನ್, ಅಂದರೆ 80 ಟನ್ ಭಾರದಷ್ಟು ಬಲ. ಇದನ್ನೆಲ್ಲ ತೆಳು ಕವಚವೇ ಹೊರುವುದಿಲ್ಲ. ಅದನ್ನು ದಪ್ಪ ಉಕ್ಕಿನ ಫಲಕಗಳ ತೋಡುಗಳಲ್ಲಿ ಕೂರಿಸಿರುತ್ತಾರೆ. ಕವಚದ ಮುಖ್ಯ ಹೊಣೆ ಹೀಲಿಯಂ ಸೋರದಂತೆ ಕಾಯುವುದು. ಒಂದು ಬೆಸುಗೆ ಬಿರಿದರೂ ಸಾಕು, ಮುನ್ನೂರು ಟನ್ನಿಗೂ ಮಿಕ್ಕಿದ ಕಾಂತವೇ ಕೆಲಸಕ್ಕೆ ಬಾರದಂತಾಗಬಹುದು. ಯಂತ್ರ ಜೋಡಿಸಿದ ಮೇಲೆ ಅದನ್ನು ಹೊರತೆಗೆಯುವುದು ಸುಲಭವಲ್ಲ.

ಇಲ್ಲಿ ಆರಿಸಿಕೊಂಡದ್ದು 316ಎಲ್‌ಎನ್ ಎಂಬ ಸ್ಟೇನ್‌ಲೆಸ್ ಸ್ಟೀಲ್. ಸಾಧಾರಣ ಉಕ್ಕಿನ ಹರಳಿನಲ್ಲಿ ಪರಮಾಣುಗಳು ಘನದ ಮೂಲೆಗಳಲ್ಲಿ ಮತ್ತು ನಟ್ಟನಡುವೆ ಇರುತ್ತವೆ. ಚಳಿ ಹೆಚ್ಚಿದಂತೆ ಪದರಗಳು ಜಾರಲಾರವು, ಲೋಹ ಬಿರಿಯುತ್ತದೆ. ನಿಕ್ಕಲ್ ಬೆರೆತ ಈ ಉಕ್ಕಿನಲ್ಲಾದರೋ ಪರಮಾಣುಗಳು ಮೂಲೆಗಳಲ್ಲಿ ಮತ್ತು ಪ್ರತಿ ಮುಖದ ಮಧ್ಯದಲ್ಲಿವೆ. ಅತಿಶೀತದಲ್ಲೂ ಪದರಗಳು ಜಾರುತ್ತವೆ. ಹೆಸರಿನ 'ಎನ್' ಅಂದರೆ ಸಾರಜನಕ, ಅದು ಬಲ ಕೊಡುತ್ತದೆ. 'ಎಲ್' ಅಂದರೆ ಇಂಗಾಲ ಕಡಿಮೆ ಎಂದು ಅರ್ಥ.

ಇಂಗಾಲದ ಮೇಲೇಕೆ ಇಷ್ಟು ಕಟ್ಟುನಿಟ್ಟು? ನೈಯೋಬಿಯಂ ಮತ್ತು ತವರ ಕೂಡಿ ಅತಿವಾಹಕವಾಗಲು ಸುರುಳಿಯನ್ನು ಕವಚದ ಸಮೇತ ಸುಮಾರು 650 ಡಿಗ್ರಿಯಲ್ಲಿ ದಿನಗಟ್ಟಲೆ ಬೇಯಿಸಬೇಕು. ಆಗ ಇಂಗಾಲವು ಕ್ರೋಮಿಯಂ ಜೊತೆ ಸೇರಿ ಹರಳುಗಳ ಅಂಚಿನಲ್ಲಿ ಕೂತರೆ ಉಕ್ಕು ಅಲ್ಲೇ ಸೀಳುತ್ತದೆ. ಈ ಪಾಕವೆಲ್ಲ ಮುಗಿದ ಮೇಲೂ, ಅತಿಶೀತದಲ್ಲಿ ಎಳೆದಾಗ ಕವಚ ಮುರಿಯುವ ಮುನ್ನ ಶೇಕಡ 20ರಷ್ಟಾದರೂ ಹಿಗ್ಗಬೇಕೆಂಬುದು ಷರತ್ತು.

ಇನ್ನೊಂದು ತೊಡಕು ಕುಗ್ಗುವಿಕೆಯದು. ತಣಿದಾಗ ಉಕ್ಕು ಅತಿವಾಹಕಕ್ಕಿಂತ ಹೆಚ್ಚು ಕುಗ್ಗಿ ಎಳೆಗಳನ್ನು ಹಿಂಡುತ್ತದೆ. ಅವು ಹೊರಬಲ್ಲ ಪ್ರವಾಹ ತಗ್ಗುತ್ತದೆ. ಯಂತ್ರದ ನಡುಗಂಬದಂತಿರುವ ಕಾಂತಕ್ಕೆ ಮೊದಲು, ಎಳೆಗಳಷ್ಟೇ ಕುಗ್ಗುವ 'ಇಂಕಲಾಯ್ 908' ಎಂಬ ಮಿಶ್ರಲೋಹವನ್ನು ಮಾದರಿ ಸುರುಳಿಯಲ್ಲಿ ಬಳಸಿದ್ದರು. ಲೆಕ್ಕದಲ್ಲಿ ಅದೇ ಸೊಗಸು. ಆದರೆ ಕುಲುಮೆಯಲ್ಲಿ ತುಸು ಆಮ್ಲಜನಕ ಉಳಿದರೂ ಎಳೆತಕ್ಕೆ ಸಿಕ್ಕ ಜಾಗದಲ್ಲಿ ಬಿರುಕು ಬಿಡುವ ಚಾಳಿ ಅದಕ್ಕಿತ್ತು. ಕೊನೆಗೆ ಒಪ್ಪಿಗೆಯಾದದ್ದು ಜಪಾನಿನಲ್ಲಿ ರೂಪುಗೊಂಡ, ಮ್ಯಾಂಗನೀಸ್ ಹೇರಳವಾಗಿರುವ ಜೆಕೆ2ಎಲ್‌ಬಿ ಉಕ್ಕು. ಇದು 316ಎಲ್‌ಎನ್‌ಗಿಂತ ಕಡಿಮೆ ಕುಗ್ಗುತ್ತದೆ. ಇಲ್ಲಿ ಆಧಾರದ ಫಲಕಗಳಿಲ್ಲ, ಬಲವನ್ನು ಕವಚವೇ ಹೊರಬೇಕು. ಆದ್ದರಿಂದ 49 ಮಿಲಿಮೀಟರಿನ ಚೌಕಾಕಾರದ ದಪ್ಪ ಕೊಳವೆ. ಯಂತ್ರದ ಆಯುಷ್ಯದಲ್ಲಿ ಈ ಬಲ 60,000 ಬಾರಿ ಏರಿ ಇಳಿಯುವುದೆಂದು ಲೆಕ್ಕ ಹಾಕಿದ್ದಾರೆ; ಕಣ್ಣಿಗೆ ಬೀಳದ ಬಿರುಕೊಂದು ಅಷ್ಟರಲ್ಲಿ ಗೋಡೆ ದಾಟಬಾರದು.